ಬರೀ ‘ಎರರ್’ ಅಂದರೆ ಸಾಲದು: ರಿಟರ್ನ್ ಸಾಫ್ಟ್‌ವೇರ್ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಆದಾಯ ತೆರಿಗೆ ರಿಟರ್ನ್ ತುಂಬುವ ಸಾಫ್ಟ್‌ವೇರ್ ಬರೆಯುವ ಎಂಜಿನಿಯರ್ ಮಿತ್ರರಿಗೆ, ಮತ್ತು ಅದನ್ನು ಬರೆಸುವ ಅಧಿಕಾರಿಗಳಿಗೆ,

ಸಾಗರದಿಂದ ನಮಸ್ಕಾರ.

ನಾನು ಈ ಊರಲ್ಲಿ ಇಪ್ಪತ್ತೆರಡು ವರ್ಷದಿಂದ ಜನರಿಗೆ ರಿಟರ್ನ್ ತುಂಬಿಕೊಡುವವನು. ದೊಡ್ಡ ಆಡಿಟರ್ ಏನಲ್ಲ. ಬಸ್‌ಸ್ಟ್ಯಾಂಡ್ ಹತ್ತಿರ ಹತ್ತಡಿ ಅಗಲದ ಅಂಗಡಿ, ಎರಡು ಕಂಪ್ಯೂಟರ್, ಒಂದು ಪ್ರಿಂಟರ್. ಬರುವವರು ಮೇಷ್ಟ್ರು, ನರ್ಸಮ್ಮ, ಅಡಿಕೆ ಮಂಡಿಯ ಗುಮಾಸ್ತರು, ತೋಟದವರು, ಈಚೆಗೆ ಶೇರು ಹುಚ್ಚು ಹತ್ತಿಸಿಕೊಂಡ ಹುಡುಗರು. ಇವರು ಯಾರೂ ನಿಮ್ಮ ಸಾಫ್ಟ್‌ವೇರನ್ನು ನೇರವಾಗಿ ನೋಡುವುದಿಲ್ಲ. ನನ್ನ ಮುಖ ನೋಡುತ್ತಾರೆ. ಪರದೆ ಮೇಲೆ ಕೆಂಪು ಅಕ್ಷರ ಬಂದಾಗ ನನ್ನ ಹುಬ್ಬು ಗಂಟಾಗುತ್ತದೆ, ಎದುರಿಗೆ ಕೂತವರ ಎದೆ ಡವಡವ ಅನ್ನುತ್ತದೆ. ಆ ಡವಡವದ ಬಗ್ಗೆ ನಿಮಗೆ ಹೇಳಬೇಕು ಅಂತಲೇ ಈ ಪತ್ರ.

2025ರ ಸೆಪ್ಟೆಂಬರ್ 15ರ ರಾತ್ರಿ ನಿಮಗೂ ನೆನಪಿರಬಹುದು. ಜುಲೈ 31 ಇದ್ದ ಕೊನೆಯ ದಿನ ಆ ವರ್ಷ ಸೆಪ್ಟೆಂಬರ್ 15ಕ್ಕೆ ಹೋಗಿತ್ತು. ಫಾರಂಗಳು ಬದಲಾಗಿದ್ದವು, ಯುಟಿಲಿಟಿಗಳು, ಅಂದರೆ ಅವನ್ನು ತುಂಬಲು ಇಲಾಖೆ ಕೊಡುವ ಸಾಫ್ಟ್‌ವೇರ್‌ಗಳು, ತಡವಾಗಿ ಬಂದಿದ್ದವು. ಆ ರಾತ್ರಿ ಹನ್ನೊಂದಕ್ಕೆ ನನ್ನ ಅಂಗಡಿಯಲ್ಲಿ ಒಬ್ಬ ನಿವೃತ್ತ ಗಣಿತದ ಮೇಷ್ಟ್ರು ಕೂತಿದ್ದರು. ಪೆನ್ಷನ್, ಬ್ಯಾಂಕಿನ ಬಡ್ಡಿ, ಸಣ್ಣ ಅಡಿಕೆ ತೋಟ. ಕೃಷಿ ಆದಾಯ 5,000 ರೂಪಾಯಿ ದಾಟಿತು ಅಂದರೆ ಐಟಿಆರ್-1 ಅನ್ನುವ ಸರಳ ಫಾರಂ ನಡೆಯುವುದಿಲ್ಲ, ಐಟಿಆರ್-2 ಬೇಕು. ಎಲ್ಲ ತುಂಬಿದೆ. ಲೆಕ್ಕ ಸರಿ ಬಂತು. ಫೈಲ್ ಮಾಡಲು ಒತ್ತಿದರೆ ಒಂದೇ ಸಾಲು: ‘ಇನ್‌ವ್ಯಾಲಿಡ್ ಇನ್‌ಪುಟ್’.

ಎಲ್ಲಿ? ಹೇಳಲಿಲ್ಲ. ಯಾವುದು? ಹೇಳಲಿಲ್ಲ.

ಹುಟ್ಟಿದ ದಿನಾಂಕ ನೋಡಿದೆವು. ಪಿನ್‌ಕೋಡ್ ನೋಡಿದೆವು. ಟಿಡಿಎಸ್ (ಮೊದಲೇ ಹಿಡಿದುಕೊಂಡ ತೆರಿಗೆ) ಅಂಕಿಗಳನ್ನು ಇಲಾಖೆಯ 26ಎಎಸ್ ಪಟ್ಟಿ ಜೊತೆ ಒಂದೊಂದಾಗಿ ತಾಳೆ ಹಾಕಿದೆವು. ಸಾಫ್ಟ್‌ವೇರ್ ಮುಚ್ಚಿ ತೆಗೆದೆ. ಕಂಪ್ಯೂಟರ್ ಆರಿಸಿ ಹಚ್ಚಿದೆ. ಅದೇ ಸಾಲು. ಮೇಷ್ಟ್ರು ಮೆಲ್ಲಗೆ ಕೇಳಿದರು, “ನಂದೇನಾದ್ರೂ ತಪ್ಪಾಗಿದೆಯಾ ಮಾರಾಯ? ನೋಟಿಸ್ ಬರುತ್ತಾ?” ಜೀವಮಾನದಲ್ಲಿ ಒಂದು ರೂಪಾಯಿ ಮುಚ್ಚಿಡದ ಮನುಷ್ಯ. ನಡುರಾತ್ರಿ ಹತ್ತಿರ ಬಂದಾಗ ಒಂದು ದಿನ ಮುಂದೂಡಿದ ಸುದ್ದಿ ಬಂತು. ಇಬ್ಬರೂ ಮನೆಗೆ ಹೋದೆವು. ನನಗೆ ನಿದ್ದೆ ಬರಲಿಲ್ಲ, ಅವರಿಗೂ ಬಂದಿರಲಿಕ್ಕಿಲ್ಲ.

ಬೆಳಿಗ್ಗೆ ತಪ್ಪು ಕಂಡುಹಿಡಿದವಳು ಪಕ್ಕದ ಜೆರಾಕ್ಸ್ ಅಂಗಡಿಯ ಹುಡುಗಿ. ಪ್ರಿಂಟ್‌ಔಟ್ ಕೈಗೆ ತಗೊಂಡವಳೇ, “ಸರ್, ಐಎಫ್‌ಎಸ್‌ಸಿಯಲ್ಲಿ ಇದು ಓ ಅಲ್ವಾ? ಸೊನ್ನೆ ಇರಬೇಕಿತ್ತು” ಅಂದಳು. ಐಎಫ್‌ಎಸ್‌ಸಿ ಅಂದರೆ ಬ್ಯಾಂಕಿನ ಶಾಖೆಯ ಕೋಡ್. ಬ್ಯಾಂಕಿನವರು ಚೀಟಿಯಲ್ಲಿ ಕೈಯಲ್ಲಿ ಬರೆದುಕೊಟ್ಟಿದ್ದ ಸೊನ್ನೆಯನ್ನು ನಾನು ಇಂಗ್ಲಿಷಿನ ‘ಓ’ ಅಂತ ಓದಿ ಹೊಡೆದಿದ್ದೆ.

ತಪ್ಪು ನನ್ನದೇ. ಒಪ್ಪಿದೆ. ಆದರೆ ಐಎಫ್‌ಎಸ್‌ಸಿ ಅಂದರೆ 11 ಅಕ್ಷರ, ಅದರಲ್ಲಿ ಐದನೆಯದು ಯಾವಾಗಲೂ ಸೊನ್ನೆ. ಇದು ನನಗಿಂತ ನಿಮ್ಮ ಸಾಫ್ಟ್‌ವೇರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದರಿಂದಲೇ ಅದು ತಡೆದದ್ದು! ತಡೆಯುವಷ್ಟು ಗೊತ್ತಿದ್ದ ಮೇಲೆ ಹೇಳುವುದಕ್ಕೆ ಏನು ಕಷ್ಟ? ‘ಬ್ಯಾಂಕ್ ವಿವರ, ಐಎಫ್‌ಎಸ್‌ಸಿ, ಐದನೇ ಅಕ್ಷರ ಸೊನ್ನೆ ಇರಬೇಕು’ ಅಂತ ಒಂದು ಸಾಲು. ಮೇಷ್ಟ್ರು ಆ ದಿನ ಹೇಳಿದ ಮಾತು ಕೇಳಿ: “ಮೂವತ್ತು ವರ್ಷ ಪೇಪರ್ ತಿದ್ದಿದೀನಿ. ಯಾವ ಸ್ಟೆಪ್‌ನಲ್ಲಿ ತಪ್ಪಿದ್ದಾನೆ ಅಂತ ತೋರಿಸದೆ ಬರೀ ಇಂಟು ಹಾಕಿದ್ರೆ ಹುಡುಗರ ಅಪ್ಪಂದಿರು ಶಾಲೆಗೆ ಜಗಳಕ್ಕೆ ಬರ್ತಿದ್ರು.”

ನಾನು ಜಗಳಕ್ಕೆ ಬಂದಿಲ್ಲ. ಆದರೆ ಕೇಳಲೇಬೇಕಾದ್ದು ಒಂದೇ ಇದೆ. ಏನಾದರೂ ನಿಂತುಹೋದಾಗ, ತಪ್ಪು ನಮ್ಮದಾ ನಿಮ್ಮದಾ ಅಂತ ಹೇಳಿ. ನಮ್ಮದಾದರೆ ಎಲ್ಲಿ ಅಂತ ತೋರಿಸಿ. ನಿಮ್ಮದಾದರೆ ಒಪ್ಪಿಕೊಳ್ಳಿ. ಈಗ ಎರಡಕ್ಕೂ ಒಂದೇ ಕೆಂಪು ಬಣ್ಣ.

ಅದೇ ಐಎಫ್‌ಎಸ್‌ಸಿ ಕಥೆ ಇನ್ನೂ ಸ್ವಲ್ಪ ಇದೆ. ಯಾರ ತಪ್ಪೂ ಅಲ್ಲದ ತಪ್ಪು ಅಂದರೆ ಏನು ಅಂತ ನಮ್ಮ ಸೀಮೆಯವರನ್ನು ಕೇಳಬೇಕು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿತು. ಅದೇ ದಿನ ಮಂಗಳೂರಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಹೋಯಿತು. ಅದಕ್ಕೂ ಹಿಂದಿನ ವರ್ಷ ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿಗೆ, 2017ರಲ್ಲಿ ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕಿಗೆ. ಮೊನ್ನೆ 2025ರ ಮೇ 1ರಂದು ನಮ್ಮ ಎರಡು ಗ್ರಾಮೀಣ ಬ್ಯಾಂಕುಗಳೂ ಒಂದಾದವು. ಹೀಗೆ ಬ್ಯಾಂಕುಗಳು ಮದುವೆಯಾಗುತ್ತಾ ಹೋದ ಹಾಗೆ ಮನೆ ಹೆಸರೂ ಬದಲಾಯಿತು. ಸಿಂಡಿಕೇಟಿನ ಹಳೆಯ ಕೋಡ್‌ಗಳು 2021ರ ಜುಲೈ 1ರಿಂದ ನಿಂತವು. ಆದರೆ ಪಿಗ್ಮಿ ಕಟ್ಟಿ ಬೆಳೆದ ನಮ್ಮ ಹಿರಿಯರು ಬೀರುವಿನಲ್ಲಿ ಭದ್ರವಾಗಿಟ್ಟ ಪಾಸ್‌ಬುಕ್‌ನಲ್ಲಿ ಇನ್ನೂ ಹಳೆಯ ಕೋಡೇ ಇದೆ. ನಾನು ಬಳಸುತ್ತಿದ್ದ ಒಂದು ಸಾಫ್ಟ್‌ವೇರ್ ಹಿಂದಿನ ವರ್ಷದ ವಿವರವನ್ನು ಹಾಗೇ ಎತ್ತಿಕೊಂಡು ಹಳೆ ಕೋಡನ್ನೇ ಹೊಸ ರಿಟರ್ನಿಗೆ ಹಾಕಿತು. ರಿಟರ್ನ್ ಹೋಯಿತು, ರಿಫಂಡ್ ಮಂಜೂರಾಯಿತು, ದುಡ್ಡು ಮಾತ್ರ ಬರಲಿಲ್ಲ. ‘ರಿಫಂಡ್ ಫೇಲ್ಡ್’. ಆ ಅಜ್ಜಿ ನಾಲ್ಕು ತಿಂಗಳು ನನ್ನ ಅಂಗಡಿಗೂ ಬ್ಯಾಂಕಿಗೂ ಓಡಾಡಿದರು. ವಿಲೀನವಾದ ಬ್ಯಾಂಕುಗಳು ಎಷ್ಟಿದ್ದಾವು? ಒಂದು ಸಣ್ಣ ಪಟ್ಟಿ ಸಾಫ್ಟ್‌ವೇರಿನೊಳಗೆ ಇಟ್ಟಿದ್ದರೆ ‘ಈ ಕೋಡ್ ಈಗ ನಡೆಯುವುದಿಲ್ಲ, ಬ್ಯಾಂಕಲ್ಲಿ ಹೊಸದು ಕೇಳಿ’ ಅಂತ ಅಲ್ಲೇ ಗೊತ್ತಾಗುತ್ತಿತ್ತು.

ಇನ್ನು ಹೆಸರು. ಪ್ಯಾನ್ ಕಾರ್ಡ್‌ನಲ್ಲಿ ಸರ್‌ನೇಮ್ ಇರಲೇಬೇಕು ಅನ್ನುವ ಲೆಕ್ಕ ಮಾಡಿದವರಿಗೆ ನಮ್ಮ ಹೆಸರುಗಳ ಪರಿಚಯ ಇದ್ದ ಹಾಗೆ ಕಾಣುವುದಿಲ್ಲ. ನಮ್ಮಲ್ಲಿ ಮುಂದೆ ಎರಡು ಇನಿಷಿಯಲ್. ಒಂದು ಊರಿನದು, ಒಂದು ಅಪ್ಪನದು. ಪ್ಯಾನ್‌ನಲ್ಲಿ ಅಪ್ಪನ ಹೆಸರೇ ಸರ್‌ನೇಮ್ ಆಗಿ ಬಿಡಿಸಿ ಬರೆದಿರುತ್ತದೆ, ಆಧಾರ್‌ನಲ್ಲಿ ಇನಿಷಿಯಲ್ ಕೊನೆಗೆ ಹೋಗಿರುತ್ತದೆ, ಬ್ಯಾಂಕಿನಲ್ಲಿ ಮುಂದೆ ಇರುತ್ತದೆ. ಮೂರೂ ಒಬ್ಬರೇ. ಆದರೆ ರಿಫಂಡ್ ಬರಬೇಕಾದ ಬ್ಯಾಂಕ್ ಖಾತೆಯನ್ನು ಪ್ರೀ-ವ್ಯಾಲಿಡೇಟ್ ಮಾಡುವಾಗ, ಅಂದರೆ ಮೊದಲೇ ಖಚಿತಪಡಿಸುವಾಗ, ಹೆಸರು ತಾಳೆ ಆಗುವುದಿಲ್ಲ. ಇದು ಸಾಫ್ಟ್‌ವೇರಿನ ತಪ್ಪಲ್ಲ, ಬಿಡಿ. ಆದರೆ ‘ಮಿಸ್‌ಮ್ಯಾಚ್’ ಅಂತ ಹೇಳಿ ಬಾಯಿ ಮುಚ್ಚುವ ಬದಲು, ಎರಡೂ ಹೆಸರನ್ನು ಅಕ್ಕಪಕ್ಕ ಇಟ್ಟು ತೋರಿಸಿದರೆ ಯಾವ ಕಚೇರಿಗೆ ಹೋಗಿ ತಿದ್ದಿಸಬೇಕು ಅಂತ ನಾವೇ ತಿಳಿದುಕೊಳ್ಳುತ್ತೇವೆ.

ಇಷ್ಟು ಹೊತ್ತು ಕೆಂಪು ಅಕ್ಷರವನ್ನೇ ಬೈದೆ. ನಿಜ ಹೇಳಬೇಕು ಅಂದರೆ ಕೆಂಪು ಅಕ್ಷರಕ್ಕಿಂತ ನನಗೆ ಜಾಸ್ತಿ ಭಯ, ಸಾಫ್ಟ್‌ವೇರ್ ಏನೂ ಹೇಳದೆ ಸುಮ್ನೆ ನುಂಗಿಕೊಂಡಾಗ.

ಒಬ್ಬ ಹುಡುಗ ಲ್ಯಾಪ್‌ಟಾಪ್ ತಂದಿದ್ದ. ಅಮೆರಿಕದಲ್ಲಿರುವ ಅಣ್ಣ ಕೊಟ್ಟದ್ದು. ಬ್ರೋಕರ್ ಕಳಿಸಿದ ಶೇರು ಮಾರಾಟದ ಎಕ್ಸೆಲ್ ಹಾಳೆಯನ್ನು ತಾನೇ ಸಾಫ್ಟ್‌ವೇರಿಗೆ ಏರಿಸಿದ್ದ. ತೆರಿಗೆ ಜಾಸ್ತಿ ಬರ್ತಿದೆ ಅಂತ ಅವನ ದೂರು. ನೋಡಿದರೆ ಆ ಯಂತ್ರದಲ್ಲಿ ದಿನಾಂಕ ಅಮೆರಿಕದ ಕ್ರಮದಲ್ಲಿತ್ತು, ಮೊದಲು ತಿಂಗಳು, ಆಮೇಲೆ ದಿನ. 2024ರ ಮೇ 8ರಂದು ಮಾರಿದ್ದು 08/05/2024. ಅದನ್ನು ಅದು ಆಗಸ್ಟ್ 5 ಅಂತ ಓದಿತ್ತು. ಬೇರೆ ವರ್ಷವಾಗಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಆ ವರ್ಷ ಜುಲೈ 23ರಂದು ಬಜೆಟ್‌ನಲ್ಲಿ ದರವೇ ಬದಲಾಗಿತ್ತು. ಅಲ್ಪಾವಧಿ ಲಾಭಕ್ಕೆ ಅಲ್ಲಿಯವರೆಗೆ 15 ಪರ್ಸೆಂಟ್, ಅಂದಿನಿಂದ 20. ಮೇ ತಿಂಗಳ ಲಾಭಕ್ಕೆ ಆಗಸ್ಟ್ ತಿಂಗಳ ದರ ಬಿತ್ತು! ತಮಾಷೆ ಏನು ಗೊತ್ತಾ? ಮೇ 13ರಂದು ಮಾರಿದ್ದರೆ ಅದು ನಿಲ್ಲಿಸುತ್ತಿತ್ತು, ಹದಿಮೂರನೇ ತಿಂಗಳು ಇಲ್ಲವಲ್ಲ. ತಿಂಗಳ ಮೊದಲ ಹನ್ನೆರಡು ದಿನ ಮಾರಿದವನಿಗೆ ಮಾತ್ರ ಈ ಗುಂಡಿ. ದಿನಾಂಕವನ್ನು ಓದಿದ ಮೇಲೆ ‘8 ಮೇ 2024’ ಅಂತ ತಿಂಗಳ ಹೆಸರಲ್ಲಿ ತೋರಿಸಿ. ನಮ್ಮ ಕಣ್ಣಿಗೆ ಬೀಳುತ್ತದೆ. ನಮ್ಮ ಕಡೆಯಿಂದ ಮಾಡಬೇಕಾದ್ದೂ ಇದೆ: ವಿಂಡೋಸ್‌ನಲ್ಲಿ ರೀಜನ್ ಅನ್ನುವಲ್ಲಿ ಇಂಡಿಯಾ ಇದೆಯಾ ಅಂತ ನೋಡಿಕೊಂಡು ಕೂತರೆ ಅರ್ಧ ಕಾಟ ತಪ್ಪುತ್ತದೆ.

ಎಕರೆ-ಗುಂಟೆಯದೂ ಇದೇ ಜಾತಿ. ನಿವ್ವಳ ಕೃಷಿ ಆದಾಯ 5 ಲಕ್ಷ ದಾಟಿದವರು ಜಮೀನಿನ ಜಿಲ್ಲೆ, ಪಿನ್‌ಕೋಡ್, ವಿಸ್ತೀರ್ಣ, ಸ್ವಂತದ್ದೋ ಗೇಣಿಯದೋ, ನೀರಾವರಿಯೋ ಮಳೆಯಾಶ್ರಿತವೋ ಎಲ್ಲ ಬರೆಯಬೇಕು. ವಿಸ್ತೀರ್ಣ ಎಕರೆಯಲ್ಲಿ. ನಮ್ಮ ಪಹಣಿಯಲ್ಲಿ 2 ಎಕರೆ 20 ಗುಂಟೆ ಅಂತ ಇರುತ್ತದೆ. ಜನ 2.20 ಅಂತ ಹಾಕುತ್ತಾರೆ. 40 ಗುಂಟೆಗೆ ಒಂದು ಎಕರೆ, ಅಂದರೆ ಅದು 2.50 ಆಗಬೇಕು. 2.20 ಅಂದರೆ 2 ಎಕರೆ 8 ಗುಂಟೆ. ಹನ್ನೆರಡು ಗುಂಟೆ ಅಡಿಕೆ ತೋಟ ಎಲ್ಲಿ ಹೋಯಿತು ಅಂತ ಯಾರಾದರೂ ಕೇಳಿದರೆ ಏನು ಹೇಳೋದು? ಗುಂಟೆಗೆ ಬೇರೆ ಒಂದು ಕಾಲಂ ಕೊಟ್ಟರೆ ಮುಗಿಯಿತು.

ಮನೆ ಬಾಡಿಗೆಯ ಎಚ್‌ಆರ್‌ಎ ತುಂಬುವಾಗ ‘ಮೆಟ್ರೋನಾ, ನಾನ್-ಮೆಟ್ರೋನಾ’ ಅಂತ ಕೇಳುತ್ತದೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮೂರ ಮಕ್ಕಳು ಕಣ್ಣು ಮುಚ್ಚಿ ಮೆಟ್ರೋ ಒತ್ತುತ್ತಾರೆ. ದಿನಾ ಬೆಳಿಗ್ಗೆ ನಮ್ಮ ಮೆಟ್ರೋದಲ್ಲಿ ಹೋಗುವವರಿಗೆ ಬೇರೆ ಏನು ತೋಚೀತು! ಆದರೆ 1961ರ ಕಾಯ್ದೆಯ ನಿಯಮದಲ್ಲಿ ಸಂಬಳದ 50 ಪರ್ಸೆಂಟ್ ಲೆಕ್ಕ ಇದ್ದದ್ದು ಮುಂಬೈ, ದೆಹಲಿ, ಕೋಲ್ಕತ್ತಾ, ಚೆನ್ನೈಗೆ ಮಾತ್ರ. ಬೆಂಗಳೂರಿಗೆ 40 ಇತ್ತು. ಆ ನಾಲ್ಕು ಊರಿನ ಹೆಸರನ್ನು ಪಕ್ಕದಲ್ಲಿ ಬರೆಯಲು ಎಷ್ಟು ಜಾಗ ಬೇಕು?

ಈಗ ದೊಡ್ಡ ಮಾತಿಗೆ ಬರುತ್ತೇನೆ. ಇಲ್ಲಿ ತಪ್ಪು ನಮ್ಮದಾಗಿರಲಿಲ್ಲ.

2024ರ ಜುಲೈ 5. ರಿಟರ್ನ್ ತುಂಬುವ ಕಾಲದ ನಡುಮಧ್ಯ. ಅಂದು ಯುಟಿಲಿಟಿಗೆ ಹೊಸ ಆವೃತ್ತಿ ಬಂತು. ಇಬ್ಬರನ್ನು ಊಹಿಸಿಕೊಳ್ಳಿ. ಇಬ್ಬರಿಗೂ ತೆರಿಗೆಯ ಹೊಸ ಪದ್ಧತಿ, ಕಳೆಯುವುದೆಲ್ಲ ಕಳೆದು ಸಂಬಳ 5 ಲಕ್ಷ, ಶೇರಿನ ಅಲ್ಪಾವಧಿ ಲಾಭ 1 ಲಕ್ಷ. ಸಂಬಳದ ಮೇಲೆ ತೆರಿಗೆ 10,000, ಶೇರಿನ ಮೇಲೆ 15,000. ಒಟ್ಟು 25,000. ಆದಾಯ 7 ಲಕ್ಷದೊಳಗೆ ಇದ್ದವರಿಗೆ ಕಾಯ್ದೆಯ 87ಎ ಸೆಕ್ಷನ್ ಪ್ರಕಾರ ಆ ವರ್ಷ 25,000ದವರೆಗೆ ತೆರಿಗೆಯಲ್ಲಿ ರಿಯಾಯಿತಿ ಇತ್ತು. ಜೂನ್‌ನಲ್ಲಿ ತುಂಬಿದವನಿಗೆ ಸಾಫ್ಟ್‌ವೇರ್ ಸೊನ್ನೆ ತೋರಿಸಿತು. ಜುಲೈ 5ರ ನಂತರ ತುಂಬಿದವನಿಗೆ ಅದೇ ಸಾಫ್ಟ್‌ವೇರ್ ಶೇರಿನ ಪಾಲಿಗೆ ರಿಯಾಯಿತಿ ಇಲ್ಲ ಅಂದಿತು. ಸೆಸ್ ಸೇರಿ 15,600 ಕಟ್ಟು ಅಂದಿತು. ಕಾನೂನು ಒಂದು ಅಕ್ಷರ ಬದಲಾಗಿರಲಿಲ್ಲ. ಬದಲಾದದ್ದು ಸಾಫ್ಟ್‌ವೇರ್.

ಆ ವಾರ ನನ್ನ ಅಂಗಡಿಯಲ್ಲಿ ಇಂಥ ಗಿರಾಕಿಗಳ ಮುಂದೆ ಕಳ್ಳನ ಹಾಗೆ ಕೂತಿದ್ದೆ. “ಅವನಿಗೆ ಸೊನ್ನೆ ಮಾಡಿಕೊಟ್ರಿ, ನನಗ್ಯಾಕೆ ಇಷ್ಟು?” ಅಂತ ಕೇಳಿದರೆ ಏನು ಉತ್ತರ? ‘ಸಾಫ್ಟ್‌ವೇರ್ ಹೇಳ್ತಿದೆ’ ಅನ್ನುವುದು ಉತ್ತರವಾ? ರಿಯಾಯಿತಿಯ ಕಾಲಂನಲ್ಲಿ ನಾನೇ ಅಂಕಿ ಹಾಕೋಣ ಅಂದರೆ ಆ ಕಾಲಂಗೆ ಬೀಗ. ವಿಷಯ ಬಾಂಬೆ ಹೈಕೋರ್ಟಿಗೆ ಹೋಯಿತು. ತಡವಾದ ಮತ್ತು ತಿದ್ದಿದ ರಿಟರ್ನ್ ಸಲ್ಲಿಸುವ ಗಡುವು ಡಿಸೆಂಬರ್ 31ರಿಂದ 2025ರ ಜನವರಿ 15ಕ್ಕೆ ಹೋಯಿತು. ಜನವರಿ 24ರಂದು ತೀರ್ಪು ಬಂತು: ಜನ ರಿಯಾಯಿತಿ ಕೇಳಿಕೊಳ್ಳಲು ಯುಟಿಲಿಟಿ ಅವಕಾಶ ಕೊಡಬೇಕು, ಕೊಡಬೇಕೋ ಬೇಡವೋ ಅನ್ನುವುದನ್ನು ಆಮೇಲೆ ಅಧಿಕಾರಿಗಳು ತೀರ್ಮಾನಿಸಬೇಕು. ಆಮೇಲೆಯೂ ಎಳೆದಾಟ ನಿಲ್ಲಲಿಲ್ಲ. ಕೆಲವರಿಗೆ ಕೊಟ್ಟ ರಿಯಾಯಿತಿಯನ್ನು ವಾಪಸ್ ಕೇಳಿದರು. 2025ರ ಡಿಸೆಂಬರ್ 31ರೊಳಗೆ ಕಟ್ಟಿದರೆ ಆ ಬೇಡಿಕೆಯ ಮೇಲಿನ ಬಡ್ಡಿ ಬಿಡುತ್ತೇವೆ ಅಂತ ಸುತ್ತೋಲೆ ಬಂತು. 2026-27ರ ಅಸೆಸ್‌ಮೆಂಟ್ ಇಯರ್‌ನಿಂದ, ಅಂದರೆ 2025-26ರ ಆದಾಯದಿಂದ, ಇಂಥ ಲಾಭಕ್ಕೆ ರಿಯಾಯಿತಿ ಇಲ್ಲ ಅಂತ ಕಾಯ್ದೆಯಲ್ಲೇ ಸ್ಪಷ್ಟ ಮಾಡಿದರು.

ರಿಯಾಯಿತಿ ಸಿಗಬೇಕಿತ್ತಾ ಇಲ್ಲವಾ, ಆ ವಾದ ಬಲ್ಲವರು ಮಾಡಲಿ. ನನ್ನ ತಕರಾರು ಬೇರೆ. ಕಾನೂನಿನಲ್ಲಿ ಎರಡು ಅರ್ಥ ಬರುವ ಕಡೆ ಒಂದು ಅರ್ಥವನ್ನು ಆರಿಸಿ, ಕಾಲಂಗೆ ಬೀಗ ಹಾಕಿ, ಕೀಲಿ ಎಲ್ಲಿದೆ ಅಂತಲೂ ಹೇಳದೆ ಹೋದರೆ ನಾವು ಯಾರ ಹತ್ತಿರ ಹೋಗಿ ವಾದ ಮಾಡಬೇಕು? ಗುಮಾಸ್ತ ‘ಆಗಲ್ಲ’ ಅಂದರೆ ಸಾಹೇಬರ ಹತ್ತಿರ ಹೋಗಬಹುದು. ಸಾಫ್ಟ್‌ವೇರ್ ‘ಆಗಲ್ಲ’ ಅಂದರೆ ಅದರ ಮೇಲೆ ಯಾರೂ ಇಲ್ಲ. ನೀವು ಒಪ್ಪದ ಅಂಕಿಯನ್ನೂ ಬರೆಯಲು ಬಿಡಿ. ಪಕ್ಕದಲ್ಲಿ ‘ಇದನ್ನು ನಾವು ಒಪ್ಪುವುದಿಲ್ಲ, ನೋಟಿಸ್ ಬರಬಹುದು’ ಅಂತ ಹಳದಿ ಬಣ್ಣದಲ್ಲಿ ಎಚ್ಚರಿಸಿ. ಬರೆಯುವ ಧೈರ್ಯ ಇರುವವರು ಬರೆಯುತ್ತಾರೆ. ಮತ್ತೆ, ಹೊಸ ಆವೃತ್ತಿ ಬಿಟ್ಟಾಗ ಏನು ಬದಲಾಯಿತು ಅಂತ ಅರ್ಥವಾಗುವ ಮಾತಲ್ಲಿ ಬರೆಯಿರಿ. ನಿನ್ನೆ ಸೊನ್ನೆ ಇದ್ದದ್ದು ಇವತ್ತು 15,600 ಆಗುತ್ತದೆ ಅಂದರೆ ಅದು ‘ಸಣ್ಣಪುಟ್ಟ ಸುಧಾರಣೆ’ ಅಲ್ಲ.

ಉಳಿದ ಕೆಲವನ್ನು ಬೇಗ ಹೇಳಿ ಮುಗಿಸುತ್ತೇನೆ. ಎಕ್ಸೆಲ್ ಯುಟಿಲಿಟಿ ಇಳಿಸಿಕೊಂಡವರಿಗೆ ಮೊದಲ ದಿನವೇ ಬಟನ್ ಯಾವುದೂ ಕೆಲಸ ಮಾಡುವುದಿಲ್ಲ. ಇಂಟರ್ನೆಟ್‌ನಿಂದ ಬಂದ ಫೈಲಿನ ಮ್ಯಾಕ್ರೋಗಳನ್ನು (ಬಟನ್ ಕೆಲಸ ಮಾಡಿಸುವ ಪುಟ್ಟ ಪ್ರೋಗ್ರಾಂಗಳನ್ನು) ಮೈಕ್ರೋಸಾಫ್ಟ್ 2022ರಿಂದ ತಾನಾಗಿಯೇ ತಡೆಯುತ್ತಿದೆ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಅನ್‌ಬ್ಲಾಕ್‌ಗೆ ಟಿಕ್ ಹಾಕಬೇಕು. ಇದನ್ನು ಡೌನ್‌ಲೋಡ್ ಬಟನ್ ಪಕ್ಕದಲ್ಲೇ ದೊಡ್ಡದಾಗಿ ಬರೆದರೆ ನನಗೆ ದಿನಕ್ಕೆ ಐದು ಫೋನ್ ಕಮ್ಮಿಯಾಗುತ್ತವೆ. ಅಪ್‌ಲೋಡ್‌ಗೆ ತಯಾರಾದ ಜೇಸನ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆಗೆದು ತಿದ್ದುವ ಬುದ್ಧಿವಂತರಿಗೆ ನಾನೇ ಬುದ್ಧಿ ಹೇಳುತ್ತೇನೆ, ಅದು ನಿಮ್ಮ ತಲೆನೋವಲ್ಲ. ಮೇ ತಿಂಗಳಲ್ಲೇ ರಿಟರ್ನ್ ಹಾಕುತ್ತೇನೆ ಅಂತ ಬರುವವರಿಗೂ ಹೇಳುತ್ತೇನೆ: ಕೊನೆಯ ಮೂರು ತಿಂಗಳ ಟಿಡಿಎಸ್ ವಿವರ ಕೊಡಲು ಕಂಪನಿ, ಬ್ಯಾಂಕುಗಳಿಗೆ ಮೇ 31ರವರೆಗೆ ಸಮಯ ಇರುತ್ತದೆ. ಜೂನ್ ಅರ್ಧ ಕಳೆಯುವವರೆಗೆ ಕಾಯಿರಿ. ಅದಕ್ಕೂ ಮುಂಚೆ ಟಿಡಿಎಸ್ ಕಾಣಲಿಲ್ಲ ಅಂದರೆ ಸಾಫ್ಟ್‌ವೇರ್ ಬೈದು ಉಪಯೋಗವಿಲ್ಲ.

ಆದರೆ ಒಂದನ್ನು ಬಿಡಲಾರೆ. ಅಪ್‌ಲೋಡ್ ಆದ ಕೂಡಲೇ ಹಸಿರು ಟಿಕ್ ಹಾಕಿ ‘ಸಕ್ಸಸ್‌ಫುಲ್’ ಅನ್ನುತ್ತೀರಿ. ಜನ ಖುಷಿಯಾಗಿ ಮುಚ್ಚಿ ಹೋಗುತ್ತಾರೆ. ಆದರೆ ಇ-ವೆರಿಫೈ, ಅಂದರೆ ಈ ರಿಟರ್ನ್ ನನ್ನದೇ ಅಂತ ಆನ್‌ಲೈನಲ್ಲಿ ಖಚಿತಪಡಿಸುವುದು, ಆಗಿರುವುದಿಲ್ಲ. ಮೊದಲು 120 ದಿನ ಇತ್ತು, 2022ರ ಆಗಸ್ಟ್ 1ರಿಂದ ಅದು 30 ದಿನ. 30 ದಿನ ದಾಟಿದ ಮೇಲೆ ವೆರಿಫೈ ಮಾಡಿದರೆ ಆ ದಿನವೇ ರಿಟರ್ನ್ ಹಾಕಿದ ಲೆಕ್ಕ. ಅಷ್ಟರಲ್ಲಿ ಕೊನೆಯ ದಿನ ದಾಟಿದ್ದರೆ 5,000 ರೂಪಾಯಿ ಲೇಟ್ ಫೀ. ಆದಾಯ 5 ಲಕ್ಷದೊಳಗಿದ್ದರೆ 1,000. ವೆರಿಫೈ ಆಗುವವರೆಗೆ ಹಸಿರು ತೋರಿಸಬೇಡಿ. ಇಷ್ಟೇ ಬೇಡಿಕೆ.

ಹಿಂದೆ ರಿಟರ್ನನ್ನು ಖಚಿತಪಡಿಸುವ ಐಟಿಆರ್-ವಿ ಹಾಳೆಗೆ ನೀಲಿ ಇಂಕಿನಲ್ಲಿ ಸಹಿ ಹಾಕಿಸಿ ಬೆಂಗಳೂರಿನ ಸಂಸ್ಕರಣಾ ಕೇಂದ್ರಕ್ಕೆ (ಸಿಪಿಸಿ) ಪೋಸ್ಟ್ ಮಾಡುತ್ತಿದ್ದ ಕಾಲ ನನಗೆ ಚೆನ್ನಾಗಿ ನೆನಪಿದೆ. ಕಾಶ್ಮೀರದವರ ರಿಟರ್ನೂ ಕನ್ಯಾಕುಮಾರಿಯವರ ರಿಟರ್ನೂ ನಮ್ಮ ಬೆಂಗಳೂರಿಗೇ ಬರಬೇಕು ಅಂತ ಪೋಸ್ಟಾಫೀಸಿನಲ್ಲಿ ನಿಂತು ಜಂಬ ಪಟ್ಟವನು ನಾನು. ಈಗಲೂ ರಿಟರ್ನ್ ಸಂಸ್ಕರಿಸುವುದು ಅಲ್ಲೇ. ನಿಮ್ಮಲ್ಲಿ ಎಷ್ಟೋ ಮಂದಿ ಅದೇ ಊರಲ್ಲಿ ಕೂತು ಕೋಡ್ ಬರೆಯುವವರು. ಮಧ್ಯಾಹ್ನ ಮುದ್ದೆ-ಬಸ್ಸಾರು ತಿಂದು ಬಂದು ‘ಇನ್‌ವ್ಯಾಲಿಡ್ ಇನ್‌ಪುಟ್’ ಅಂತ ಟೈಪ್ ಮಾಡುತ್ತೀರಿ, ಅಲ್ವಾ? ಎರರ್ ಸಂದೇಶಗಳನ್ನಾದರೂ ಕನ್ನಡದಲ್ಲಿ ಕೊಡಿ. ಇಡೀ ಸಾಫ್ಟ್‌ವೇರ್ ಅನುವಾದ ಮಾಡಿ ಅಂತ ಕೇಳುತ್ತಿಲ್ಲ. ಅಷ್ಟು ಮಾಡಿದರೆ ‘ಡಿಡಕ್ಷನ್’ಗೆ ಯಾರಿಗೂ ಅರ್ಥವಾಗದ ಸಂಸ್ಕೃತ ಪದ ಹಾಕುತ್ತೀರಿ ಅಂತ ಹೆದರಿಕೆಯೂ ಇದೆ. ಎಲ್ಲಿ ತಪ್ಪಾಗಿದೆ ಅನ್ನುವ ಆ ಒಂದು ಸಾಲು ಮಾತ್ರ, ನೀವು ಮನೆಯಲ್ಲಿ ಅಮ್ಮನಿಗೆ ಹೇಳುವ ಕನ್ನಡದಲ್ಲಿ.

ಇದನ್ನೆಲ್ಲ ಈಗ ಬರೆಯಲು ಕಾರಣ ಇದೆ. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ. 536 ಸೆಕ್ಷನ್‌ಗಳು, ಹೊಸ ನಂಬರುಗಳು. ಪ್ರೀವಿಯಸ್ ಇಯರ್ (ದುಡಿದ ವರ್ಷ), ಅಸೆಸ್‌ಮೆಂಟ್ ಇಯರ್ (ಅದರ ಮುಂದಿನ ವರ್ಷ) ಅನ್ನುವ ಜೋಡಿ ಹೋಗಿ ‘ಟ್ಯಾಕ್ಸ್ ಇಯರ್’ ಒಂದೇ. ಒಳ್ಳೆಯದೇ ಆಯಿತು. ಚಲನ್ ಕಟ್ಟುವಾಗ ತಪ್ಪು ವರ್ಷ ಒತ್ತಿ ಅತ್ತವರನ್ನು ಎಷ್ಟು ಜನರನ್ನು ನೋಡಿಲ್ಲ! ಹೇಗಿದ್ದರೂ ಫಾರಂಗಳನ್ನೂ ಸಾಫ್ಟ್‌ವೇರನ್ನೂ ಹೊಸದಾಗಿ ಬರೆಯಬೇಕು. ಹಳೆ ಎರರ್ ಸಂದೇಶಗಳನ್ನು ಅಲ್ಲಿಂದ ಇಲ್ಲಿಗೆ ಹಾಗೇ ಎತ್ತಿ ಹಾಕಬೇಡಿ. ಹಾಕುವ ಮುಂಚೆ ನನ್ನಂಥ ಅಂಗಡಿಯಲ್ಲಿ ಜುಲೈ ಕೊನೆಯ ವಾರ ಒಂದು ಸಂಜೆ ಬಂದು ಕೂರಿ. ಕುರ್ಚಿ ಕೊಡುತ್ತೇನೆ, ಟೀ ತರಿಸುತ್ತೇನೆ.

ಮೇಷ್ಟ್ರ ರಿಟರ್ನ್ ಸೆಪ್ಟೆಂಬರ್ 16ರ ಮಧ್ಯಾಹ್ನವೇ ಹೋಯಿತು. ರಿಫಂಡೂ ಬಂತು. ಬ್ಯಾಂಕಿನ ಚೀಟಿಯನ್ನು ಅವರು ಬಿಸಾಡಿಲ್ಲ, ಪಾಸ್‌ಬುಕ್ ಒಳಗೆ ಅಂಟಿಸಿಕೊಂಡಿದ್ದಾರೆ. ಐದನೇ ಅಕ್ಷರಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಬಾಣದ ಗುರುತು ಎಳೆದು, ಪಕ್ಕದಲ್ಲಿ ದುಂಡಗೆ ಬರೆದಿದ್ದಾರೆ: ‘ಇದು ಸೊನ್ನೆ.’

ಇಂತಿ,
ಸಾಗರದ ಒಬ್ಬ ರಿಟರ್ನ್ ತುಂಬುವವನು